ಹೋಸ್ ಬದಲಿಸಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿದೆ: ಮನೆಯಲ್ಲೇ ಏರ್ ತೆಗೆಯುವುದು ಹೇಗೆ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಸಣ್ಣ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಎಡ ಚಕ್ರದ ಬ್ರೇಕ್ ಹೋಸ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಬ್ಯಾಂಜೋ ಬೋಲ್ಟಿಗೆ (ಹೋಸನ್ನು ಬ್ರೇಕಿಗೆ ಜೋಡಿಸುವ ತೂತಿರುವ ಬೋಲ್ಟ್) ಎರಡೂ ಕಡೆ ಹೊಸ ತಾಮ್ರದ ವಾಷರ್ ಹಾಕಿದ್ದೇನೆ. ಜೋಡಿಸಿದ ಜಾಗ ಒಣಗಿಯೇ ಇದೆ, ಸೋರಿಕೆ ಇಲ್ಲ. ಮೇಲಿನ ಡಬ್ಬಿಯಲ್ಲಿ ಆಯಿಲ್ ಮಿನಿಮಮ್ ಗೆರೆಗಿಂತ ಕೆಳಗಿಳಿಯಲು ಬಿಟ್ಟಿಲ್ಲ. ಆದರೂ ಪೆಡಲ್ ಒತ್ತಿದರೆ ಮೆತ್ತಗೆ ಕೆಳಗೆ ಹೋಗುತ್ತದೆ, ಕೊನೆಯಲ್ಲಿ ಎಲ್ಲೋ ಸ್ವಲ್ಪ ಹಿಡಿದ ಹಾಗಾಗುತ್ತದೆ. ಗಾಡಿಯನ್ನು ನಿಂತ ಜಾಗದಿಂದ ಕದಲಿಸಿಲ್ಲ.

ಪೈಪಿನೊಳಗೆ ಗಾಳಿ ಸೇರಿದೆ ಅನ್ನುವುದು ಗೊತ್ತು. ತಮ್ಮ ಮನೆಯಲ್ಲೇ ಇದ್ದಾನೆ, ಪೆಡಲ್ ಒತ್ತಲು ಬರುತ್ತಾನೆ. ಒಂದೇ ಚಕ್ರದ ಏರ್ ತೆಗೆದರೆ ಸಾಕೇ, ನಾಲ್ಕೂ ಮಾಡಬೇಕೇ? ಯಾವ ಚಕ್ರದಿಂದ ಶುರು ಮಾಡಲಿ? ಯಾವ ಆಯಿಲ್ ಹಾಕಲಿ? ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಸರಿಯಾಗಿದೆ ಅಂತ ರಸ್ತೆಗಿಳಿಯುವ ಮೊದಲೇ ಹೇಗೆ ಖಾತ್ರಿ ಮಾಡಿಕೊಳ್ಳುವುದು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಪ್ಪುಕೈ:
ಗಾಡಿ ಕದಲಿಸದೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಪೆಡಲ್ ಗಟ್ಟಿಯಾಗುವ ತನಕ ಅಲ್ಲೇ ಇರಲಿ. ನಾಲ್ಕು ಮಾರು ಹಿಂದೆ ಸರಿಸುವುದೂ ಬೇಡ.

ಮೊದಲು ಗಾಡಿ ಎತ್ತುವ ವಿಷಯ ಹೇಳಿಬಿಡುತ್ತೇನೆ. ಈ ಕೆಲಸ ಮಾಡುತ್ತಿರುವಾಗಲೇ ಜೀವಕ್ಕೆ ಅಪಾಯ ಇರುವುದು ಅಲ್ಲಿ. ಸಮತಟ್ಟಾದ ಗಟ್ಟಿ ನೆಲ ಬೇಕು. ಮಣ್ಣು, ಇಳಿಜಾರು ಬೇಡ. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ಗಾಡಿ ಜೊತೆ ಬರುವ ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟು ಕೆಳಗೆ ಕೈ ಹಾಕಬೇಡಿ. ಅವು ಬಿರುಕು ಬಿಡುವಾಗ ಮುನ್ಸೂಚನೆ ಕೊಡುವುದಿಲ್ಲ. ಬಿಗಿದುಕೊಂಡ ನಿಪ್ಪಲ್ (ಪ್ರತಿ ಚಕ್ರದ ಬ್ರೇಕಿನಲ್ಲಿ ಏರ್ ಹೊರಗೆ ಬಿಡಲು ಇರುವ ತೂತಿನ ಸಣ್ಣ ತಿರುಪು) ಬಿಚ್ಚುವಾಗ ನೀವು ಸ್ಪ್ಯಾನರ್ ಹಿಡಿದು ಗಾಡಿಯನ್ನೇ ಎಳೆಯುತ್ತಿರುತ್ತೀರಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೇಕಾಗುವ ಸಾಮಾನು: ನಿಪ್ಪಲ್ ಮೇಲೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ (ಸಾಮಾನ್ಯವಾಗಿ 8ರಿಂದ 11 ಮಿ.ಮೀ. ಒಳಗಿನದು, ಒಳಗೆ ಆರು ಮೂಲೆ ಇರುವುದಾದರೆ ಇನ್ನೂ ಒಳ್ಳೆಯದು), ನಿಪ್ಪಲ್‌ಗೆ ಬಿಗಿಯಾಗಿ ಹತ್ತುವ ಪಾರದರ್ಶಕ ಟ್ಯೂಬ್, ಪಾರದರ್ಶಕ ಬಾಟಲಿ, ಸೀಲ್ ಒಡೆಯದ ಬ್ರೇಕ್ ಆಯಿಲ್, ಗ್ಲೌಸ್, ಕಣ್ಣಿಗೆ ಕನ್ನಡಕ, ಒಂದು ಬಕೆಟ್ ನೀರು. ನೀರು ಯಾಕೆಂದರೆ ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದುಬರುತ್ತದೆ. ಬಿದ್ದ ತಕ್ಷಣ ಒರೆಸುವುದಕ್ಕಿಂತ ನೀರು ಸುರಿದು ತೊಳೆಯುವುದು ಸರಿ. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಬೇಕು.

ಈಗ ಕೆಲಸ. ಇಂಜಿನ್ ಆಫ್ ಇರಲಿ. ಬೂಸ್ಟರ್‌ನಲ್ಲಿ (ಇಂಜಿನ್ನಿನ ವ್ಯಾಕ್ಯೂಮಿನಿಂದ ಪೆಡಲ್ ಒತ್ತಿಗೆ ಬಲ ಸೇರಿಸುವ ಭಾಗ) ಉಳಿದ ವ್ಯಾಕ್ಯೂಮ್ ಹೋಗುವವರೆಗೆ ಪೆಡಲ್ ನಾಲ್ಕೈದು ಸಲ ಒತ್ತಿಬಿಡಿ. ಡಬ್ಬಿಯ ಮುಚ್ಚಳದ ಸುತ್ತ ಇರುವ ಧೂಳನ್ನು ಒರೆಸಿ, ಆಮೇಲೆ ತೆಗೆಯಿರಿ. ಮ್ಯಾಕ್ಸಿಮಮ್ ಗೆರೆಯವರೆಗೆ ಹೊಸ ಆಯಿಲ್ ತುಂಬಿ. ಬಾಟಲಿಯ ತಳದಲ್ಲಿ ಸ್ವಲ್ಪ ಹೊಸ ಆಯಿಲ್ ಹಾಕಿ, ಟ್ಯೂಬಿನ ತುದಿ ಅದರಲ್ಲಿ ಮುಳುಗಿರಲಿ. ಸ್ಪ್ಯಾನರನ್ನು ಮೊದಲು ನಿಪ್ಪಲ್‌ಗೆ ಹಾಕಿ, ಅದರ ಮೇಲೆ ಟ್ಯೂಬ್ ಹಾಕಿ.

ಒಳಗೆ ಕೂತವನು, ಚಕ್ರದ ಹತ್ತಿರ ಇರುವವನು ಒಬ್ಬರಿಗೊಬ್ಬರು ಕೇಳುವಂತೆ ಹೇಳುತ್ತಲೇ ಇರಬೇಕು. ನೀವು "ಒತ್ತು" ಅನ್ನಬೇಕು. ತಮ್ಮ ನಿಧಾನಕ್ಕೆ ಒತ್ತಿ, ಒತ್ತಿ ಹಿಡಿದು, "ಒತ್ತಿದೀನಿ" ಅನ್ನಬೇಕು. ಆಗ ನಿಪ್ಪಲನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ಬಿಚ್ಚಿ. ಆಯಿಲ್, ಗುಳ್ಳೆ ಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವಾಗಲೇ, ನಿಲ್ಲುವ ಮೊದಲೇ ನಿಪ್ಪಲ್ ಮುಚ್ಚಿ. ಮುಚ್ಚಿದ ಮೇಲೆ ನೀವು "ಬಿಡು" ಅಂದರೆ ಮಾತ್ರ ಅವನು ಕಾಲು ಎತ್ತಬೇಕು. ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಅದೇ ದಾರಿಯಲ್ಲಿ ಗಾಳಿ ಒಳಗೆ ಹೋಗುತ್ತದೆ.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಪೂರ್ತಿ ನೆಲಕ್ಕೆ ತಾಗಬಾರದು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಸಿಲಿಂಡರ್) ಸೀಲ್ ದಿನನಿತ್ಯ ಓಡಾಡುವ ಭಾಗ ನುಣುಪಾಗಿರುತ್ತದೆ, ಅದರಾಚೆ ತುಕ್ಕು, ಕೊಳೆ ಕೂತಿರುತ್ತದೆ. ಪೆಡಲನ್ನು ತಳಕ್ಕೆ ಒತ್ತಿದರೆ ಸೀಲ್ ಆ ಒರಟು ಜಾಗದ ಮೇಲೆ ಉಜ್ಜಿ ಹರಿದುಹೋಗುತ್ತದೆ. ಏರ್ ತೆಗೆಯಲು ಹೋಗಿ ಮಾಸ್ಟರ್ ಸಿಲಿಂಡರ್ ಕೆಟ್ಟಿತು ಅಂತ ಜನ ಹೇಳುವುದರ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ.

ಪ್ರತಿ ನಾಲ್ಕೈದು ಒತ್ತಿಗೊಮ್ಮೆ ಡಬ್ಬಿ ನೋಡಿ ತುಂಬಿಸಿ. ಡಬ್ಬಿ ಒಂದು ಸಲ ಖಾಲಿಯಾದರೆ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೋಗುತ್ತದೆ, ಮೊದಲಿನಿಂದ ಶುರು ಮಾಡಬೇಕು.

ಡಿಸ್ಕ್‌ಡ್ರಮ್:
ಚೆನ್ನಾಗಿ ಬರೆದಿದ್ದೀರಿ ಸರ್. ಒಂದು ಸೇರಿಸುತ್ತೇನೆ. ಕೆಲವರು "ಚೆನ್ನಾಗಿ ಪಂಪ್ ಮಾಡಿ ಹಿಡಿ" ಅಂತ ದಬದಬ ಒತ್ತಿಸುತ್ತಾರೆ. ಜೋರಾಗಿ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ, ಸಣ್ಣ ಗುಳ್ಳೆಗಳನ್ನು ಹೊರಗೆ ತರುವುದು ಇನ್ನೂ ಕಷ್ಟ. ಒಂದೇ ಸಮ, ನಿಧಾನ ಒತ್ತು ಸಾಕು.

ಯಾವ ಚಕ್ರ ಮೊದಲು ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಮಾಸ್ಟರ್ ಸಿಲಿಂಡರಿನಿಂದ ದೂರದ್ದು ಮೊದಲು. ಸ್ಟೀರಿಂಗ್ ಬಲಕ್ಕಿರುವ ಗಾಡಿಯಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ನಾಲ್ಕುಚಕ್ರ:
ಅದು ಎಲ್ಲಾ ಗಾಡಿಗೂ ಹೊಂದುವುದಿಲ್ಲ. ಈಗಿನ ಬ್ರೇಕ್‌ಗಳಲ್ಲಿ ಎರಡು ಬೇರೆ ಬೇರೆ ಸರ್ಕ್ಯೂಟ್ ಇರುತ್ತವೆ, ಒಂದು ಸೋರಿಹೋದರೂ ಇನ್ನೊಂದು ಉಳಿಯಲಿ ಅಂತ. ಇಂಜಿನ್ ಮುಂದಿನ ಚಕ್ರಗಳನ್ನು ಓಡಿಸುವ ಗಾಡಿಗಳಲ್ಲಿ ಬಹಳಷ್ಟು ಓರೆಯಾಗಿ ಹಂಚಿರುತ್ತವೆ: ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ, ಮುಂದಿನ ಬಲಕ್ಕೆ ಹಿಂದಿನ ಎಡ ಜೋಡಿ. ಅಂಥ ಗಾಡಿಗೆ ಕೆಲವು ಕಂಪನಿಗಳು ಒಂದು ಜೋಡಿ ಮುಗಿಸಿ ಇನ್ನೊಂದು ಜೋಡಿಗೆ ಹೋಗಲು ಹೇಳುತ್ತವೆ. ಎಬಿಎಸ್ ಇದ್ದರೆ ಮುಂದಿನಿಂದ ಶುರು ಮಾಡಲು ಹೇಳುವ ಮ್ಯಾನುಯಲ್‌ಗಳೂ ಇವೆ. ಆ ಗಾಡಿಯ ಸರ್ವಿಸ್ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕ್ರಮ. ಅಂದಾಜಿನ ಮೇಲೆ ನಡೆಯುವುದು ಬೇಡ.

ಡಿಸ್ಕ್‌ಡ್ರಮ್:
ಒಪ್ಪಿದೆ. ಮ್ಯಾನುಯಲ್ ಸಿಕ್ಕದಿದ್ದಾಗ ಮಾತ್ರ ನನ್ನ ಕ್ರಮ ಅಂತ ಓದಿಕೊಳ್ಳಿ. ಹಳೇಗಾಡಿ ಅವರ ವಿಷಯಕ್ಕೆ ಬಂದರೆ, ಗಾಳಿ ಹೋಗಿರುವುದು ಮುಂದಿನ ಎಡಕ್ಕೆ ಮಾತ್ರ, ಡಬ್ಬಿ ಖಾಲಿಯಾಗಿಲ್ಲ. ಗಾಳಿ ತೆಗೆಯಲು ಅದೊಂದು ಚಕ್ರ ಸಾಕಾಗಬಹುದು. ಆದರೆ ಆಯಿಲ್ ಹಳೆಯದಾಗಿದ್ದರೆ, ಸ್ಪ್ಯಾನರ್ ಕೈಯಲ್ಲಿರುವಾಗಲೇ ನಾಲ್ಕಕ್ಕೂ ಹೊಸ ಆಯಿಲ್ ಬರುವ ತನಕ ತೆಗೆದುಬಿಡಿ. ಸಣ್ಣ ಕಾರಿಗೆ ಒಂದು ಲೀಟರ್ ಇಟ್ಟುಕೊಂಡರೆ ನಡುವೆ ಕೈಕಟ್ಟಿ ಕೂರುವ ಪರಿಸ್ಥಿತಿ ಬರುವುದಿಲ್ಲ.

ಮುಂದಿನ ಸಲ ಹೋಸ್ ಬಿಚ್ಚುವವರಿಗೆ ಒಂದು ಉಪಾಯ. ಬಿಚ್ಚುವ ಮೊದಲು ಪೆಡಲನ್ನು ಎರಡು ಮೂರು ಸೆಂಟಿಮೀಟರ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಕೊಟ್ಟು ಹಾಗೇ ನಿಲ್ಲಿಸಿ. ಡಬ್ಬಿಯಿಂದ ಸಿಲಿಂಡರಿಗೆ ಆಯಿಲ್ ಇಳಿಯುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ, ಬಿಚ್ಚಿದ ಕಡೆಯಿಂದ ಸೋರುವುದು ನಿಲ್ಲುತ್ತದೆ. ಹಿಂದಿನ ಬ್ರೇಕ್ ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಟರ್ಮಿನಲ್ ತೆಗೆದಿಡಿ.

ಚಾಲಕಿ:
ಹಳೇಗಾಡಿ ಅಣ್ಣ, ಆಯಿಲ್ ಬಗ್ಗೆ ನಾನು ಹೇಳುತ್ತೇನೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 3, 4, 5.1 ಮೂರೂ ಗ್ಲೈಕಾಲ್ ಜಾತಿಯವು, ಒಂದಕ್ಕೊಂದು ಬೆರೆಯುತ್ತವೆ. ಡಾಟ್ 5 ಸಿಲಿಕೋನ್, ಅದು ಬೇರೆಯೇ. ಹೆಸರಿನಲ್ಲಿ 5.1ಕ್ಕೆ ಹತ್ತಿರ ಕಂಡರೂ ಗ್ಲೈಕಾಲ್ ಇರುವ ಗಾಡಿಗೆ ಹಾಕಬಾರದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗ್ಲೈಕಾಲ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ರಬ್ಬರ್ ಹೋಸಿನ ಮೂಲಕ, ಮುಚ್ಚಳದ ಮೂಲಕ ವರ್ಷಗಟ್ಟಲೆ ನಿಧಾನವಾಗಿ ಹೀರುತ್ತಲೇ ಇರುತ್ತದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 116 ಮಾನದಂಡದ ಪ್ರಕಾರ ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಪ್ಯಾಡಿನ ಬಿಸಿ ಪಿಸ್ಟನ್ ದಾಟಿ ಆಯಿಲಿಗೆ ಹೋಗುತ್ತದೆ. ಅಲ್ಲಿ ಆಯಿಲ್ ಕುದ್ದು ಆವಿಯಾದರೆ ಆ ಆವಿ ಗಾಳಿಯ ಹಾಗೇ ಅಮುಕಿಕೊಳ್ಳುತ್ತದೆ. ಇಡೀ ದಿನ ಗಟ್ಟಿಯಾಗಿದ್ದ ಪೆಡಲ್ ಬೇಕಾದ ಕ್ಷಣದಲ್ಲಿ ನೆಲಕ್ಕೆ ಹೋಗುತ್ತದೆ. ಬಹಳ ಕಂಪನಿಗಳು 2 ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ. ಬಣ್ಣ ನೋಡಿ ನಿರ್ಧರಿಸಬೇಡಿ. ತಿಳಿಯಾಗಿ ಕಾಣುವ ಆಯಿಲಿನಲ್ಲೂ ನೀರು ಇರಬಹುದು.

ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಪೆಟ್ರೋಲ್, ಸೀಮೆಎಣ್ಣೆ ಯಾವುದೂ ಈ ಡಬ್ಬಿಯ ಹತ್ತಿರ ಬರಬಾರದು. ಅವುಗಳ ಕೊಳವೆ, ಲಾಳಿಕೆಯೂ ಬೇಡ. ಬ್ರೇಕಿನ ರಬ್ಬರ್ ಸೀಲ್‌ಗಳು ಅದರಲ್ಲಿ ಊದಿಕೊಳ್ಳುತ್ತವೆ. ಡಬ್ಬಿಯ ಮುಚ್ಚಳದೊಳಗಿನ ರಬ್ಬರ್ ಉಬ್ಬಿ ಅಲೆಅಲೆಯಾಗಿದ್ದರೆ ಯಾರೋ ತಪ್ಪು ಎಣ್ಣೆ ಹಾಕಿದ್ದಾರೆ ಅನ್ನುವ ಅನುಮಾನ ಬರಬೇಕು. ಹಾಗಾದರೆ ಏರ್ ತೆಗೆಯುವುದರಿಂದ ಏನೂ ಆಗದು, ಸೀಲ್‌ಗಳನ್ನೆಲ್ಲ ಬದಲಿಸಬೇಕಾಗುತ್ತದೆ.

ಮೌನಯಾನ:
ನನಗೆ ಪೆಡಲ್ ಒತ್ತಲು ಯಾರೂ ಇಲ್ಲ. ಒಬ್ಬನೇ ಮಾಡುವ ದಾರಿ ಇದೆಯೇ?

ಚಾಲಕಿ:
ಇದೆ. ನಾನು ಒಬ್ಬಳೇ ಮಾಡುವುದು. ಕೈಪಂಪಿನಿಂದ ನಿಪ್ಪಲ್ ಕಡೆ ಎಳೆಯುವ ವ್ಯಾಕ್ಯೂಮ್ ವಿಧಾನ ಎಲ್ಲರಿಗೂ ಗೊತ್ತು. ಅದರ ತೊಂದರೆ ಏನೆಂದರೆ, ನಿಪ್ಪಲ್ ಸಡಿಲವಾದಾಗ ಅದರ ಮರೆಯ (ತಿರುಪಿನ ಸುತ್ತುಗಳ) ಸುತ್ತಲಿಂದಲೂ ಹೊರಗಿನ ಗಾಳಿ ಎಳೆಯುತ್ತದೆ. ಟ್ಯೂಬಿನಲ್ಲಿ ಗುಳ್ಳೆ ಬರುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಒಳಗೆ ಗಾಳಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮರೆಯ ಹೊರಭಾಗಕ್ಕೆ ಮಾತ್ರ, ತುದಿಗೆ ತಾಗದಂತೆ, ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿದರೆ ಈ ಸುಳ್ಳು ಗುಳ್ಳೆ ಕಡಿಮೆಯಾಗುತ್ತದೆ.

ನನಗೆ ಇಷ್ಟವಾದದ್ದು ಪ್ರೆಶರ್ ವಿಧಾನ. ಡಬ್ಬಿಯ ಮುಚ್ಚಳದ ಬದಲು ಒಂದು ಅಡಾಪ್ಟರ್ ಕೂರಿಸಿ, ಆಯಿಲ್ ತುಂಬಿದ ಸಣ್ಣ ಟ್ಯಾಂಕಿನಿಂದ ಸುಮಾರು 1 ಬಾರ್ ಒತ್ತಡ ಕೊಡುವುದು. ಆಮೇಲೆ ಒಂದೊಂದೇ ನಿಪ್ಪಲ್ ತೆರೆದರೆ ಸಾಕು. ಪೆಡಲ್ ಮುಟ್ಟುವುದೇ ಇಲ್ಲ, ಆದ್ದರಿಂದ ಕಪ್ಪುಕೈ ಸರ್ ಹೇಳಿದ ಹಳೆಯ ಸೀಲ್ ಹರಿಯುವ ಭಯ ಇಲ್ಲ. ಪ್ಲಾಸ್ಟಿಕ್ ಡಬ್ಬಿ ಒಡೆಯಬಾರದು, ಅದಕ್ಕೇ ಒತ್ತಡ ಹೆಚ್ಚಿಸಲು ಹೋಗಬೇಡಿ. ಮೊದಲು ಆಯಿಲ್ ಇಲ್ಲದೆ ಬರೀ ಗಾಳಿ ಕೊಟ್ಟು ಅಡಾಪ್ಟರ್ ಸೋರುತ್ತದೆಯೇ ನೋಡಿ. ಸೋರಿದರೆ ಗಾಳಿ ಹೋಗುತ್ತದೆ ಅಷ್ಟೇ, ಇಂಜಿನ್ ಮೇಲೆಲ್ಲ ಆಯಿಲ್ ಚೆಲ್ಲುವುದಿಲ್ಲ.

ಏನೂ ಉಪಕರಣ ಇಲ್ಲ, ಸಮಯ ಇದೆ ಅನ್ನುವವರಿಗೆ: ಮುಚ್ಚಳ ಸಡಿಲಿಸಿ, ನಿಪ್ಪಲ್ ತೆರೆದು, ಟ್ಯೂಬ್ ಕೆಳಗೆ ಬಿಟ್ಟು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡುವುದು. ನಿಧಾನ, ಆದರೆ ಅಪಾಯ ಕಡಿಮೆ. ಡಬ್ಬಿ ಬಿಟ್ಟು ಆಚೆ ಹೋಗುವಂತಿಲ್ಲ.

ಹಳೇಗಾಡಿ:
ನಿನ್ನೆ ತಮ್ಮನ ಜೊತೆ ಕೂತು ನಾಲ್ಕೂ ಚಕ್ರ ಮುಗಿಸಿದೆ. ಮುಂದಿನ ಎಡದಿಂದ ಬಹಳ ಗುಳ್ಳೆ ಬಂತು, ಹಿಂದಿನ ಎರಡರಿಂದ ಕಂದು ಬಣ್ಣದ ಆಯಿಲ್. ಈಗ ನಾಲ್ಕರಲ್ಲೂ ತಿಳಿ ಆಯಿಲ್, ಒಂದೂ ಗುಳ್ಳೆ ಇಲ್ಲ. ಪೆಡಲಿನ ಆ ಮೆತ್ತಗಿನ ಸ್ಪರ್ಶ ಹೋಗಿದೆ. ಆದರೆ ಮೊದಲ ಸಲ ಒತ್ತಿದರೆ ಈಗಲೂ ಅರ್ಧಕ್ಕಿಂತ ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ತಕ್ಷಣ ಎರಡನೇ ಸಲ ಒತ್ತಿದರೆ ಮೇಲೇ, ಗಟ್ಟಿಯಾಗಿ ಹಿಡಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಕೆಳಗೆ. ಇನ್ನೂ ಗಾಳಿ ಉಳಿದಿದೆಯೇ?

ಕಪ್ಪುಕೈ:
ಬಹಳ ಸ್ಪಷ್ಟವಾಗಿ ಹೇಳಿದ್ದೀರಿ. ಪೆಡಲ್ ಹೇಗೆ ಕೆಳಗೆ ಹೋಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಗಾಳಿ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಇರುತ್ತದೆ. ಎಷ್ಟು ಜೋರಾಗಿ ಒತ್ತಿದರೂ ಇನ್ನೂ ಸ್ವಲ್ಪ ಹೋಗುತ್ತದೆ, ಗಟ್ಟಿ ತಳ ಸಿಗುವುದಿಲ್ಲ. ಗಟ್ಟಿಯಾಗಿ ಹಿಡಿದು, ಒತ್ತಿಕೊಂಡೇ ಇದ್ದರೆ ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಸೀಲ್ ಬಿಟ್ಟಿರಬಹುದು. ಮೂರನೆಯದು ನಿಮ್ಮದು: ಮೊದಲ ಒತ್ತು ಉದ್ದ, ತಳ ಗಟ್ಟಿ, ಎರಡನೆಯದು ಮೇಲೆ. ಇದರಲ್ಲಿ ಗಾಳಿಗಿಂತ ಹೆಚ್ಚು ಅನುಮಾನ ಹಿಂದಿನ ಡ್ರಮ್ ಮೇಲೆ. ಶೂ (ಡ್ರಮ್ಮನ್ನು ಒಳಗಿನಿಂದ ಒತ್ತುವ ಬ್ರೇಕ್ ತುಂಡು) ಮತ್ತು ಡ್ರಮ್ ನಡುವಿನ ಸಂದು ಹೆಚ್ಚಾಗಿದೆ. ಮೊದಲ ಒತ್ತಿನ ಆಯಿಲ್ ಶೂಗಳನ್ನು ಡ್ರಮ್ ತನಕ ತಳ್ಳುವುದಕ್ಕೇ ಖರ್ಚಾಗುತ್ತದೆ. ಶೂ ಸ್ಪ್ರಿಂಗ್ ಹಿಂದಕ್ಕೆ ಎಳೆಯುವ ಮೊದಲೇ ಎರಡನೆಯದು ಒತ್ತಿದರೆ ಸಂದು ಕಡಿಮೆ ಇರುತ್ತದೆ, ಅದಕ್ಕೇ ಮೇಲೆ ಹಿಡಿಯುತ್ತದೆ. ಗಾಳಿ ಇದ್ದಾಗಲೂ ಪಂಪ್ ಮಾಡಿದರೆ ಪೆಡಲ್ ಸ್ವಲ್ಪ ಏರುತ್ತದೆ, ಆದರೆ ಆ ಸ್ಪಂಜಿನ ಗುಣ ಪೂರ್ತಿ ಹೋಗುವುದಿಲ್ಲ. ನಿಮ್ಮದರಲ್ಲಿ ಅದು ಇಲ್ಲ.

ಹಿಂದಿನ ಡ್ರಮ್ ತೆಗೆದು ನೋಡಿ. ತಾನೇ ಸಂದು ಸರಿಪಡಿಸಿಕೊಳ್ಳುವ ಅಡ್ಜಸ್ಟರ್ ಧೂಳು ತುಕ್ಕಿಗೆ ಸಿಕ್ಕಿ ಹಿಡಿದುಕೊಂಡಿರುವುದು ಸಾಮಾನ್ಯ. ಹ್ಯಾಂಡ್ ಬ್ರೇಕ್ ಕೇಬಲನ್ನು ಮೊದಲು ಪೂರ್ತಿ ಸಡಿಲಿಸಿ. ಅದು ಬಿಗಿಯಾಗಿದ್ದರೆ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಹಲ್ಲಿನ ಚಕ್ರ ತಿರುಗಿಸಿ, ಡ್ರಮ್ ಕೈಯಿಂದ ತಿರುಗಿಸುವಾಗ ಶೂ ಹಗುರಾಗಿ ತಾಗುವ ತನಕ ತನ್ನಿ. ಪೆಡಲ್ ಕೆಲವು ಸಲ ಒತ್ತಿ ಶೂಗಳನ್ನು ನಡುವಿಗೆ ಕೂರಿಸಿ, ಮತ್ತೆ ಪರೀಕ್ಷಿಸಿ, ಚಕ್ರ ಹಿಡಿಯದೆ ತಿರುಗುವಷ್ಟು ಹಿಂದೆ ಬನ್ನಿ. ಹ್ಯಾಂಡ್ ಬ್ರೇಕ್ ಕೇಬಲ್ ಕೊನೆಗೆ.

ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಲೋ ಏರ್ ಗನ್ನಿನಿಂದಲೋ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ವೀಲ್ ಸಿಲಿಂಡರಿನ (ಶೂಗಳನ್ನು ತಳ್ಳುವ ಡ್ರಮ್ಮಿನೊಳಗಿನ ಸಣ್ಣ ಸಿಲಿಂಡರ್) ರಬ್ಬರ್ ಕವಚದ ಅಂಚು ಮೆಲ್ಲಗೆ ಎತ್ತಿ ನೋಡಿ. ಒಳಗೆ ಆಯಿಲ್ ಇದ್ದರೆ ಸಿಲಿಂಡರ್ ಹೋಗಿದೆ ಅಂತಲೇ ಅರ್ಥ.

ಲೋಹಮಿತ್ರ:
ಇದೇ ವಿಷಯಕ್ಕೆ ಹತ್ತಿರದ ಇನ್ನೊಂದು. ಪರಿಚಿತರೊಬ್ಬರ ಗಾಡಿಯ ಮುಂದಿನ ಎರಡೂ ಕ್ಯಾಲಿಪರ್ (ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಭಾಗ) ಒಂದು ಗ್ಯಾರೇಜಿನಲ್ಲಿ ಬದಲಿಸಿದ್ದರು. ಲೀಟರ್‌ಗಟ್ಟಲೆ ಆಯಿಲ್ ಹೋದರೂ ಪೆಡಲ್ ಗಟ್ಟಿಯಾಗಲಿಲ್ಲ. ಹೋಗಿ ನೋಡಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದರು. ಬೋಲ್ಟ್ ಸರಿಯಾಗಿಯೇ ಹತ್ತುತ್ತದೆ. ನಿಪ್ಪಲ್ ಮಾತ್ರ ಮೇಲಿರುವ ಬದಲು ಕೆಳಗೆ ಬರುತ್ತದೆ. ಗಾಳಿ ಮೇಲಿನ ಮೂಲೆಯಲ್ಲಿ ಕೂತಿರುತ್ತದೆ, ಕೆಳಗಿನಿಂದ ಬರೀ ಶುದ್ಧ ಆಯಿಲ್ ಬರುತ್ತದೆ, ನೋಡಿದವರಿಗೆ ಏರ್ ಮುಗಿಯಿತು ಅನ್ನಿಸುತ್ತದೆ. ಕ್ಯಾಲಿಪರ್ ಬಿಚ್ಚಿದವರು ಮೊದಲು ಇದನ್ನು ನೋಡಲಿ: ನಿಪ್ಪಲ್ ಕ್ಯಾಲಿಪರಿನ ತುತ್ತತುದಿಯಲ್ಲಿ ಇದೆಯೇ?

ಮತ್ತೆ, ಹಿಂದಿನ ಆ್ಯಕ್ಸಲ್‌ಗೆ ಭಾರ ನೋಡಿ ಒತ್ತಡ ಬದಲಿಸುವ ವಾಲ್ವ್ ಇರುವ ಗಾಡಿಗಳಲ್ಲಿ, ಬಾಡಿ ಎತ್ತಿ ಚಕ್ರ ನೇತಾಡುತ್ತಿದ್ದರೆ ಗಾಡಿ ಖಾಲಿ ಅಂತ ವಾಲ್ವ್ ತಿಳಿದು ಹಿಂದಕ್ಕೆ ಹೋಗುವ ಆಯಿಲ್ ತಡೆಯಬಹುದು. ಹಿಂದಿನ ನಿಪ್ಪಲ್‌ನಿಂದ ತೊಟ್ಟಿಕ್ಕುವಷ್ಟೇ ಬರುತ್ತಿದ್ದರೆ, ಸ್ಟ್ಯಾಂಡನ್ನು ಆ್ಯಕ್ಸಲ್ ಕೆಳಗೆ ಕೊಟ್ಟು ಸಸ್ಪೆನ್ಷನ್ ಮೇಲೆ ಭಾರ ಬರುವಂತೆ ಮಾಡಿ ನೋಡಿ.

ಮೌನಯಾನ:
ನನ್ನ ಗಾಡಿಯ ಹಿಂದಿನ ಬಲದ ನಿಪ್ಪಲ್ ಅಲ್ಲಾಡುತ್ತಲೇ ಇಲ್ಲ. ಸ್ಪ್ಯಾನರ್ ಜಾರುತ್ತಿದೆ.

ಲೋಹಮಿತ್ರ:
ಜಾರಿತು ಅಂದ ತಕ್ಷಣ ನಿಲ್ಲಿಸಿ. ಮೂಲೆ ಸವೆದರೆ ಮುಂದೆ ಯಾವುದೂ ಹಿಡಿಯುವುದಿಲ್ಲ. ವೈರ್ ಬ್ರಷ್‌ನಲ್ಲಿ ಬುಡದ ತುಕ್ಕು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಆರು ಮೂಲೆಯ ಸಾಕೆಟ್ ಹಾಕಿ, ನಿಪ್ಪಲ್ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ತುಕ್ಕು ಆಗ ಒಡೆಯುತ್ತದೆ. ನಿಪ್ಪಲ್ ನಡುವೆ ತೂತಿರುವ ತೆಳು ಲೋಹ, ಜೋರು ಹಾಕಿದರೆ ತುಂಡಾಗುತ್ತದೆ.

ಬೆಂಕಿ ಹಿಡಿಯುವ ಯೋಚನೆ ಮನೆಯಲ್ಲಿ ಬೇಡ. ಬ್ರೇಕ್ ಆಯಿಲ್ ಹೊತ್ತಿಕೊಳ್ಳುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಜ್ವಾಲೆ ತಾಗಿದರೆ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ನಿಪ್ಪಲ್ ಬರಲೇ ಇಲ್ಲ ಅಂದರೆ ವೀಲ್ ಸಿಲಿಂಡರನ್ನೇ ಬದಲಿಸುವುದು ನೇರವಾದ ದಾರಿ.

ಹೊಸಪಯಣ:
ನನ್ನದು ಎಬಿಎಸ್ ಇರುವ ಗಾಡಿ. ಇದೆಲ್ಲ ಮಾಡಬಹುದೇ? ಹೈಬ್ರಿಡ್ ಇರುವ ಗೆಳೆಯನೂ ಕೇಳುತ್ತಿದ್ದಾನೆ.

ನಾಲ್ಕುಚಕ್ರ:
ಎಬಿಎಸ್ ಇದ್ದು, ಬರೀ ಆಯಿಲ್ ಬದಲಿಸುವುದಾದರೆ, ಡಬ್ಬಿ ಖಾಲಿಯಾಗದಂತೆ ನೋಡಿಕೊಂಡು ಮ್ಯಾನುಯಲ್‌ನ ಕ್ರಮದಲ್ಲಿ ಮಾಡಬಹುದು. ಎಬಿಎಸ್ ಘಟಕದ ಒಳಗೇ ಗಾಳಿ ಹೋದರೆ ಮಾತು ಬೇರೆ. ಒಳಗಿನ ವಾಲ್ವ್‌ಗಳು ಮುಚ್ಚಿರುವ ಜಾಗದಲ್ಲಿ ಸಿಕ್ಕಿದ ಗಾಳಿ ಪೆಡಲ್ ಒತ್ತಿದರೆ ಬರುವುದಿಲ್ಲ, ಸ್ಕ್ಯಾನ್ ಟೂಲ್ (ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಹಾಕಿ ಪಂಪ್ ಮತ್ತು ವಾಲ್ವ್ ಓಡಿಸಿ ತೆಗೆಯಬೇಕು. ಪ್ಯಾಡ್ ಬದಲಿಸುವಾಗ ಪಿಸ್ಟನ್ ಹಿಂದಕ್ಕೆ ತಳ್ಳುವವರು ನಿಪ್ಪಲ್ ತೆರೆದು ತಳ್ಳಲಿ, ಕ್ಯಾಲಿಪರಿನ ಕೊಳೆ ಆಯಿಲ್ ಎಬಿಎಸ್ ಕಡೆ ಹೋಗುವುದು ತಪ್ಪುತ್ತದೆ.

ನಿಮ್ಮ ಗೆಳೆಯರಿಗೆ ದಯವಿಟ್ಟು ಬೇಡ ಅನ್ನಿ. ಕೆಲವು ಹೈಬ್ರಿಡ್‌ಗಳಲ್ಲಿ ಬ್ರೇಕ್ ಆಯಿಲನ್ನು ವಿದ್ಯುತ್ ಪಂಪ್ ಅತಿ ಹೆಚ್ಚಿನ ಒತ್ತಡದಲ್ಲಿ ಕೂಡಿಟ್ಟಿರುತ್ತದೆ. ಬಾಗಿಲು ತೆರೆದರೆ ಸಾಕು ಪಂಪ್ ಓಡುವಂಥವೂ ಇವೆ. ಸರಿಯಾದ ಉಪಕರಣದಿಂದ ಅದನ್ನು ನಿಲ್ಲಿಸದೆ ಕೈ ಹಾಕುವುದು ಅಪಾಯ. ಹಿಂದಿನ ಚಕ್ರಕ್ಕೆ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೂ ಕ್ಯಾಲಿಪರ್ ಬಿಚ್ಚುವ ಮೊದಲು ಸರ್ವಿಸ್ ಮೋಡಿಗೆ ಹಾಕಲೇಬೇಕು.

ಹಳೇಗಾಡಿ:
ಕಪ್ಪುಕೈ ಸರ್, ನೀವು ಹೇಳಿದ ಹಾಗೆಯೇ. ಹಿಂದಿನ ಎರಡೂ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿದ್ದವು. ಬಿಚ್ಚಿ, ಶುಚಿ ಮಾಡಿ, ಮರೆಗೆ ತೆಳುವಾಗಿ ಗ್ರೀಸ್ ಹಚ್ಚಿ ಕೂರಿಸಿದೆ. ಮೊದಲ ಒತ್ತಿಗೇ ಪೆಡಲ್ ಮೇಲೆ ಹಿಡಿಯುತ್ತಿದೆ. ವೀಲ್ ಸಿಲಿಂಡರ್ ಒಣಗಿವೆ. ಇನ್ನು ಓಡಿಸಬಹುದೇ?

ಕಪ್ಪುಕೈ:
ಇನ್ನೂ ಇಲ್ಲ, ನಿಂತಲ್ಲೇ ಪರೀಕ್ಷೆ ಬಾಕಿ ಇದೆ. ಇಂಜಿನ್ ಆಫ್ ಮಾಡಿ ಬೂಸ್ಟರ್ ಖಾಲಿಯಾಗುವ ತನಕ ಪೆಡಲ್ ಒತ್ತಿ. ಆಮೇಲೆ ತುರ್ತಾಗಿ ನಿಲ್ಲಿಸುವಷ್ಟು ಜೋರಾಗಿ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಇಳಿಯಬಾರದು. ಅದೇ ಒತ್ತಿನಲ್ಲಿ ಇಂಜಿನ್ ಶುರು ಮಾಡಿ: ಬೂಸ್ಟರ್ ಕೆಲಸ ಮಾಡುತ್ತಿದ್ದರೆ ಪೆಡಲ್ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತದೆ. ನಿಲ್ಲದೆ ಇಳಿಯುತ್ತಲೇ ಹೋದರೆ ಓಡಿಸಬೇಡಿ. ನೀವು ಒತ್ತಿ ಹಿಡಿದಿರುವಾಗ ತಮ್ಮ ಟಾರ್ಚ್ ಹಿಡಿದು ನಾಲ್ಕೂ ನಿಪ್ಪಲ್, ಹೊಸ ಹೋಸಿನ ಎರಡು ತುದಿ, ಮಾಸ್ಟರ್ ಸಿಲಿಂಡರಿನ ಕೆಳಭಾಗ ನೋಡಲಿ. ಅವನು ಚಕ್ರದ ಕೆಳಗೆ ತಲೆ ಹಾಕಬಾರದು. ಗಾಡಿ ಸ್ಟ್ಯಾಂಡ್ ಮೇಲಿದ್ದರೆ ಇಂಜಿನ್ ಆಫ್ ಮಾಡಿದ ಮೇಲೇ ನೋಡಲಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹೊಸ ಹೋಸ್ ಟೈರಿಗೋ ಸಸ್ಪೆನ್ಷನ್ನಿಗೋ ತಾಗುತ್ತದೆಯೇ, ತಿರುಚಿಕೊಂಡಿದೆಯೇ ನೋಡಿ.

ಚಕ್ರದ ನಟ್‌ಗಳನ್ನು ನೆಲದ ಮೇಲೆ ಇಳಿಸಿದ ಮೇಲೆ ಕೊನೆಯ ಬಿಗಿ ಕೊಡಿ. ಮೊದಲ ಓಟ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ, ನಡಿಗೆಯ ವೇಗದಲ್ಲಿ, ಕೈ ಹ್ಯಾಂಡ್ ಬ್ರೇಕ್ ಮೇಲೆ. ಅಲ್ಲಿ ಸರಿ ಅನ್ನಿಸಿದರೆ ಸ್ವಲ್ಪ ಸ್ವಲ್ಪ ವೇಗ ಏರಿಸಿ ನಿಲ್ಲಿಸಿ ನೋಡಿ. ಒಂದು ಕಡೆಗೆ ಎಳೆಯಬಾರದು. ನಿಲ್ಲಿಸಿ ಇಳಿದು ಮತ್ತೆ ಒದ್ದೆ ಇದೆಯೇ ನೋಡಿ, ಡಬ್ಬಿಯ ಮಟ್ಟ ನೋಡಿ.

ಹಳೇಗಾಡಿ:
ಎಲ್ಲವನ್ನೂ ಈ ಕ್ರಮದಲ್ಲೇ ಮಾಡಿದೆ. ಅರ್ಧ ನಿಮಿಷ ಒತ್ತಿ ಹಿಡಿದಾಗ ಪೆಡಲ್ ಅಲ್ಲಾಡಲಿಲ್ಲ, ಇಂಜಿನ್ ಶುರು ಮಾಡಿದಾಗ ಸ್ವಲ್ಪ ಇಳಿದು ನಿಂತಿತು. ಗಾಡಿ ನೇರವಾಗಿ ನಿಲ್ಲುತ್ತಿದೆ. ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಮನಸಾರೆ ಧನ್ಯವಾದ. ಉಳಿದ ಅರ್ಧ ಬಾಟಲಿ ಆಯಿಲ್ ಇಟ್ಟುಕೊಳ್ಳಬಹುದೇ? ಹಳೆಯ ಆಯಿಲ್ ಏನು ಮಾಡಲಿ?

ಚಾಲಕಿ:
ಬಹಳ ಸಂತೋಷ ಅಣ್ಣ. ತೆರೆದ ಬಾಟಲಿ ಕಪಾಟಿನಲ್ಲಿದ್ದರೂ ತೇವ ಹೀರುತ್ತದೆ. ಈಗಲೇ ಕ್ಲಚ್ ಕಡೆ ಬೇಕಾದರೆ ಬಳಸಿ. ಹೈಡ್ರಾಲಿಕ್ ಕ್ಲಚ್ ಇರುವ ಬಹಳ ಗಾಡಿಗಳಲ್ಲಿ ಅದೂ ಇದೇ ಡಬ್ಬಿಯಿಂದ ಕುಡಿಯುತ್ತದೆ, ಆ ಆಯಿಲ್ ಬದಲಿಸಲು ಎಲ್ಲರೂ ಮರೆಯುತ್ತಾರೆ. ಮುಂದಿನ ವರ್ಷಕ್ಕೆ ಅಂತ ಎತ್ತಿಡಬೇಡಿ. ಟ್ಯೂಬಿನಿಂದ ಬಂದದ್ದನ್ನು, ಎಷ್ಟೇ ತಿಳಿಯಾಗಿ ಕಂಡರೂ, ಮತ್ತೆ ಡಬ್ಬಿಗೆ ಸುರಿಯಬಾರದು. ಮೋರಿಗೆ, ಮಣ್ಣಿಗೆ ಚೆಲ್ಲಬೇಡಿ. ನೀರಿನ ಬಾಟಲಿಯಲ್ಲೂ ಇಡಬೇಡಿ, ಮಕ್ಕಳು ಕುಡಿದರೆ ವಿಷ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದು, ಇಂಜಿನ್ ಆಯಿಲ್ ಜೊತೆ ಬೆರೆಸದೆ, ಹಳೆಯ ಆಯಿಲ್ ತೆಗೆದುಕೊಳ್ಳುವ ಕಡೆ ಕೊಟ್ಟುಬಿಡಿ.

ನಿಪ್ಪಲ್‌ಗಳ ರಬ್ಬರ್ ಟೋಪಿ ನಾಲ್ಕಕ್ಕೂ ಹಾಕಿದ್ದೀರಾ? ಇಲ್ಲದಿದ್ದರೆ ತೂತಿನೊಳಗೆ ನೀರು ಕೂತು, ಮೌನಯಾನ ಅವರ ನಿಪ್ಪಲಿನ ಹಾಗೆ ಹಿಡಿದುಕೊಳ್ಳುತ್ತದೆ.

ಹಳೇಗಾಡಿ:
ಮೂರಕ್ಕೆ ಇತ್ತು. ಮುಂದಿನ ಬಲದ್ದು ಹರಿದಿತ್ತು, ಹೊಸದು ತಂದು ಹಾಕುತ್ತೇನೆ.